ಐದು ಬರುತ್ತದೆ, ಯಾವುದೂ ಬರುವುದಿಲ್ಲ

ಪಕ್ಕದ ಕುರ್ಚಿಯ ಅಕ್ಕಾ,

ಸಮಸ್ತರಿಗೂ, ವಿಶೇಷವಾಗಿ ನಿಮಗೂ, ತಿಳಿಯಪಡಿಸುವುದೇನೆಂದರೆ: ಇಂದು ಬೆಳಿಗ್ಗೆ ನಮ್ಮ ಕಚೇರಿಯಲ್ಲಿ ಒಂದು ಅರ್ಧವಿರಾಮ ಚಿಹ್ನೆ ಕಾಣೆಯಾಗಿತ್ತು. ಮೇಲೊಂದು ಚುಕ್ಕೆ, ಕೆಳಗೊಂದು ಬಾಲ, ಸಾಧಾರಣ ಮೈಕಟ್ಟು. ಯಾವ ಸಾಲಿನಲ್ಲಿ ಇಲ್ಲವೆಂದು ಕಂಪ್ಯೂಟರು ಸಂಖ್ಯೆಯ ಸಮೇತ ಬಾಯಿ ಬಡಿದುಕೊಳ್ಳುತ್ತಿತ್ತು. ನಾನು ಊಟದ ಹೊತ್ತಿನವರೆಗೂ ಹುಡುಕಿದೆ, ಬೇರೆ ಫೈಲಿನಲ್ಲಿ, ಬೇರೆ ಭಾಷೆಯಲ್ಲಿ.

ನೀವು ನಗುತ್ತೀರಿ, ಗೊತ್ತು. ನೀವು ಪಕ್ಕದಲ್ಲಿದ್ದಾಗ ನಾನೂ ನಗುತ್ತಿದ್ದೆ. ಪಟ್ಟಿಯ ಮೊದಲನೆಯದನ್ನು ಕೆಲವು ಕಂಪ್ಯೂಟರ್ ಭಾಷೆಗಳು ಸೊನ್ನೆ ಎಂದು ಎಣಿಸುತ್ತವೆ, ಕೆಲವು ಮನುಷ್ಯರ ಹಾಗೆ ಒಂದು ಎನ್ನುತ್ತವೆ. ದಿನಕ್ಕೆ ಹತ್ತು ಸಲ ನಾನು, "ಅಕ್ಕಾ, ಇಲ್ಲಿ ಸೊನ್ನೆಯಾ, ಒಂದಾ?" ಎಂದು ಕೂಗುತ್ತಿದ್ದೆ. ನೀವು ಪರದೆಯಿಂದ ಕಣ್ಣು ಕೀಳದೆ, "ಸೊನ್ನೆ ಕಣೋ ತಮ್ಮಾ. ನಿನ್ನೇನೂ ಸೊನ್ನೇನೇ ಇತ್ತು" ಎನ್ನುತ್ತಿದ್ದಿರಿ. ಅಷ್ಟರಲ್ಲಿ ನನ್ನ ವಿದ್ಯಾಭ್ಯಾಸ ಮುಗಿಯುತ್ತಿತ್ತು.

ನೀವು ರಾಜೀನಾಮೆ ಕೊಟ್ಟು ಹೊಲಿಗೆ ಕಲಿಸಲು ಹೋದ ಮೇಲೆ ನನ್ನ ಪಾಡು ಐದು ಮನೆಗೆ ಸೊಸೆಯಾಗಿ ಹೋದವಳ ಪಾಡು. ಬೆಳಿಗ್ಗೆ ಜಾವಾ ಅತ್ತೆಯ ಮನೆ: ಪ್ರತಿ ಮಾತಿಗೂ ಅರ್ಧವಿರಾಮ ಹಾಕದಿದ್ದರೆ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಆಮೇಲೆ ಪೈಥಾನ್ ಅತ್ತೆ: ಸಾಲಿನ ಮೊದಲು ಬಿಟ್ಟ ಜಾಗ ಕೂದಲೆಳೆಯಷ್ಟು ಸರಿದರೂ ಒಲೆ ಆರಿಸಿಬಿಡುತ್ತಾಳೆ. ಇದು ಅದಕ್ಕೆ ಸಮವೇ ಎಂದು ಕೇಳಲು ಎಸ್‌ಕ್ಯೂಎಲ್‌ಗೆ ಒಂದು ಸಮಚಿಹ್ನೆ ಸಾಕು, ಜಾವಾಕ್ಕೆ ಎರಡು ಬೇಕು, ಜಾವಾಸ್ಕ್ರಿಪ್ಟಿಗೆ ಮೂರು. ಆ ಮನೆಯಲ್ಲಿ ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲ. ಐದನೆಯದು ಆರ್, ಹೆಸರೇ ಒಂದಕ್ಷರ. ಸಂಜೆ ಅಲ್ಲಿಗೆ ಹೋಗುವಷ್ಟರಲ್ಲಿ ನನ್ನಲ್ಲಿ ಆ ಒಂದಕ್ಷರವೂ ಉಳಿದಿರುವುದಿಲ್ಲ.

ಇದನ್ನೆಲ್ಲ ತಮಾಷೆಯಾಗಿಯೇ ಬರೆದು ಮುಗಿಸೋಣವೆಂದಿದ್ದೆ. ಆಗುತ್ತಿಲ್ಲ.

ಮೊನ್ನೆ ಮ್ಯಾನೇಜರು ಕರೆದರು. ಇನ್ನು ಮುಂದೆ ಒಂದೊಂದು ಭಾಷೆಗೆ ಒಂದೊಂದು ತಂಡವಂತೆ, ತಂಡವಿಲ್ಲದವರಿಗೆ ಕೆಲಸವಿಲ್ಲವಂತೆ. "ಐದು ಬರುತ್ತೆ ಅಂತೀರಿ, ಸಂತೋಷ. ಗಟ್ಟಿಯಾಗಿ ಬರೋದು ಯಾವುದು?" ಎಂದರು. "ಎಲ್ಲಾನೂ ಸ್ವಲ್ಪ ಸ್ವಲ್ಪ ಬರುತ್ತೆ ಸಾರ್" ಎಂದೆ. "ಸ್ವಲ್ಪ ಸ್ವಲ್ಪದ ತಂಡ ಇಲ್ಲಪ್ಪ ನಮ್ಮಲ್ಲಿ" ಎಂದು ನಕ್ಕು, ಕೈಗೆ ಮಾರ್ಕರ್ ಕೊಟ್ಟರು. ಹೆಸರುಗಳ ಒಂದು ಪಟ್ಟಿ ಓದಿ ಒಬ್ಬೊಬ್ಬರಿಗೂ ನಮಸ್ಕಾರ ಹೇಳುವ ಪ್ರೋಗ್ರಾಮು, ಮೊದಲ ವಾರ ಕಲಿಯುವವರು ಬರೆಯುವಂಥದ್ದು. ಬಿಳಿ ಹಲಗೆಯ ಮೇಲೆ ಸರಸರನೆ ಬರೆದೆ. ಬಹಳ ದಿನದ ಮೇಲೆ ಕೈ ಎಲ್ಲೂ ತಡವರಿಸಲಿಲ್ಲ, ಅಕ್ಕಾ. ಒಳಗೊಳಗೇ ಹಿಗ್ಗಿದೆ.

ಅವರು ಸ್ವಲ್ಪ ಹೊತ್ತು ನೋಡಿ, ಬೈಯಲೂ ಇಲ್ಲ, "ಇದು ಯಾವ ಭಾಷೆ?" ಎಂದರು.

ತಿರುಗಿ ನೋಡಿದೆ. ಜಾವಾದಲ್ಲಿ ಬಾಗಿಲು ತೆರೆದು, ಪೈಥಾನಿನಲ್ಲಿ ಒಳಗೆ ಹೋಗಿ, ಜಾವಾಸ್ಕ್ರಿಪ್ಟಿನಲ್ಲಿ ನಮಸ್ಕಾರ ಹೇಳಿದ್ದೆ. ಓದಿದರೆ ಅರ್ಥವಾಗುತ್ತಿತ್ತು. ಆದರೆ ಜಗತ್ತಿನ ಯಾವ ಯಂತ್ರವೂ ಅದನ್ನು ಒಪ್ಪುವುದಿಲ್ಲ. "ಸೋಮವಾರ ಯೋಚಿಸಿ ಹೇಳಿ" ಎಂದು ಅವರೇ ಹಲಗೆ ಒರೆಸಿದರು. ಆ ಮರ್ಯಾದೆಯೇ ನನ್ನನ್ನು ಕೊಂದದ್ದು.

ಮನೆಯಲ್ಲಿ ಹೇಳಿದೆ. "ಯಾವುದು ಇಷ್ಟಾನೋ ಅದನ್ನ ಹೇಳಿಬಿಡಿ, ಅದಕ್ಯಾಕೆ ಇಷ್ಟು ಒದ್ದಾಟ?" ಎಂದಳು ಹೆಂಡತಿ. ಒಂದು ಕಾಲದಲ್ಲಿ ಇಷ್ಟವಿತ್ತು. ಬರೆದದ್ದು ಮೊದಲ ಸಲಕ್ಕೇ ಓಡಿದಾಗ ಕುರ್ಚಿಯಲ್ಲಿ ಒಂದು ಸುತ್ತು ತಿರುಗುತ್ತಿದ್ದೆನಂತೆ, ನೀವೇ ಆಡಿಕೊಂಡು ನಗುತ್ತಿದ್ದಿರಿ. ಯಾವ ಭಾಷೆಯಲ್ಲಿ ಬರೆದಾಗ ತಿರುಗುತ್ತಿದ್ದೆ ಎಂಬುದು ನೆನಪಿಗೆ ಬರುತ್ತಿಲ್ಲ. ಒಂದೊಂದನ್ನೇ ತೆಗೆದು ನೋಡುತ್ತೇನೆ. ಐದೂ ನನ್ನನ್ನು ಅಪರಿಚಿತನ ಹಾಗೆ ನೋಡುತ್ತವೆ.

ನಿಮ್ಮ ಸೂಜಿ ಮುರಿಯದಿರಲಿ, ದಾರ ಸಿಕ್ಕಾಗದಿರಲಿ, ನಿಮ್ಮ ಶಿಷ್ಯರಿಗೆ ಒಂದೇ ಹೊಲಿಗೆಯಾದರೂ ಗಟ್ಟಿಯಾಗಿ ಬರಲಿ.

ಒಂದು ಸಣ್ಣ ಉಪಕಾರವಾಗಬೇಕು. ಅಷ್ಟು ದಿನ ಪಕ್ಕದಲ್ಲಿ ಕೂತು ನನ್ನನ್ನು ನೋಡಿದವರು ನೀವೊಬ್ಬರೇ. ಐದರಲ್ಲಿ ನನಗೆ ಬರುತ್ತಿದ್ದದ್ದು ಯಾವುದು? ಸಮಾಧಾನದ ಮಾತೇನೂ ಬೇಡ; ಅದರ ಹೆಸರೊಂದನ್ನೇ ಸೋಮವಾರದೊಳಗೆ ಮೆಸೇಜ್ ಮಾಡಿ.

ಇಂತಿ,
ನಿಮ್ಮ ಎಡಗಡೆ ಕೂರುತ್ತಿದ್ದ ತಮ್ಮ