ಹದಿಮೂರಕ್ಕೆ ಎಂಟು

ಫೆರಾರಾ,
೧೯ ಜನವರಿ ೧೯೯೫

ಕೋಸಿಮೊ,

ಪ್ರಿಯ ಎಂದು ಬರೆದು ಆಮೇಲೆ ಹೊಡೆದುಹಾಕುವುದಕ್ಕಿಂತ ಬರೀ ಹೆಸರೇ ಇರಲಿ.

ತಾರಾಂತೊದ ಮನೆಗೆ ಫೋನ್ ಮಾಡಿದಾಗಲೆಲ್ಲ ನಿನ್ನ ಅಮ್ಮನೇ ಎತ್ತುತ್ತಾರೆ. ‘ಅವನು ಹೊರಗೆ ಹೋಗಿದಾನಮ್ಮ, ಯಾವಾಗ ಬರ್ತಾನೋ’ ಎನ್ನುತ್ತಾರೆ. ಅವರ ಬೆನ್ನ ಹಿಂದೆ ನೀನು ಕೆಮ್ಮುವುದು ನನಗೆ ಕೇಳಿಸುತ್ತದೆ. ವರ್ಷಗಟ್ಟಲೆ ಪಕ್ಕದಲ್ಲಿ ಮಲಗಿ ಕೇಳಿದ ಕೆಮ್ಮು, ಗುರುತು ಸಿಗದೇ? ಆದ್ದರಿಂದ ಕಾಗದ. ನಮ್ಮ ಅಂಚೆಯವರು ದೊಡ್ಡ ಮನಸ್ಸು ಮಾಡಿದರೆ ತಿಂಗಳ ಕೊನೆಯೊಳಗೆ ತಲುಪೀತು. ನಮ್ಮ ಓರ್ನೆಲ್ಲಾ ಇಲ್ಲಿಯ ಕಚೇರಿಗೆ ಉತ್ತರ ಕೊಡಬೇಕಾದ ಗಡುವೂ ಅದೇ.

ನಿನ್ನ ಮಗಳು ಡೆನ್ಮಾರ್ಕಿನಲ್ಲಿ ಮಾಡಿದ್ದು ನಿನಗೆ ಗೊತ್ತಿದೆ, ಮಾಡು ಎಂದವನೇ ನೀನು. ಆದರೂ ಅವಳು ನಿನಗೆ ಹೇಳದೆ ಬಿಟ್ಟಿರಬಹುದಾದ ಭಾಗವನ್ನು ನಾನು ಹೇಳುತ್ತೇನೆ. ಕಡಲ ಕಾನೂನಿನ ಮೌಖಿಕ ಪರೀಕ್ಷೆ. ಉತ್ತರ ಹೇಳಿದ ಮೇಲೆ ಅವಳನ್ನು ಹೊರಗೆ ಕೂರಿಸಿ, ಪ್ರೊಫೆಸರ್ ಹೆಂಗಸೂ ಬೇರೆ ಊರಿನಿಂದ ಬಂದ ಇನ್ನೊಬ್ಬ ಪರೀಕ್ಷಕನೂ ಮಾತಾಡಿಕೊಂಡು, ಒಳಗೆ ಕರೆದು ‘ಹದಿಮೂರಕ್ಕೆ ಎಂಟು’ ಎಂದರಂತೆ. ನಗುನಗುತ್ತಲೇ ಹೇಳಿದರಂತೆ, ಅಲ್ಲಿ ಅದು ಮರ್ಯಾದಸ್ಥ ಅಂಕ. ಇವಳು ಉಪಕಾರವಾಯಿತೆಂದು ಹೇಳಿ, ‘ನನಗಿದು ಬೇಡ, ಮುಂದಿನ ಸಲ ಬರ್ತೀನಿ’ ಎಂದು ಚೀಲ ಎತ್ತಿಕೊಂಡಳು. ಆ ಪರೀಕ್ಷಕ ಕನ್ನಡಕ ತೆಗೆದು, ‘ಬೇಡ ಅಂದ್ರೆ? ಇದೇನು ಅಂಗಡೀಲಿ ತಗೊಂಡ ಶೂನಾಮ್ಮ, ವಾಪಸ್ ಕೊಡೋಕೆ?’ ಎಂದನಂತೆ.

ನಮ್ಮಲ್ಲಿ ಮೇಷ್ಟ್ರು ಅಂಕ ಹೇಳುತ್ತಾರೆ, ಹುಡುಗಿ ಒಲ್ಲೆ ಎನ್ನುತ್ತಾಳೆ, ಕೆಲವು ವಾರ ಬಿಟ್ಟು ಮತ್ತೆ ಹೋಗಿ ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಇದು ಇಡೀ ಭೂಮಿಯ ನಿಯಮವೆಂದು ನಂಬಿಸಿ ನೀನು ಅವಳನ್ನು ರೈಲು ಹತ್ತಿಸಿದೆ. ಅಲ್ಲಿ ಕೊಟ್ಟದ್ದು ಕೊಟ್ಟದ್ದೇ. ಎಂಟು ಎಂದರೆ ನಮ್ಮ ಮೂವತ್ತರ ಲೆಕ್ಕದಲ್ಲಿ ಇಪ್ಪತ್ನಾಲ್ಕು. ಅದನ್ನು ಒಪ್ಪಿದರೆ ಅವಳ ಪದವಿಯ ಮೇಲೆ ಬೀಳಬೇಕಿದ್ದ ವಿಶೇಷ ಗೌರವದ ಮುದ್ರೆ ಹೋಯಿತು. ಇಲ್ಲಿಯ ಕಚೇರಿಯವರಂತೂ, ಹೊರದೇಶದ ಅಂಕಗಳನ್ನು ಒಪ್ಪಿದರೆ ಎಲ್ಲವನ್ನೂ ಒಪ್ಪಬೇಕು, ಬಿಟ್ಟರೆ ಎಲ್ಲವನ್ನೂ ಬಿಡಬೇಕು ಎನ್ನುತ್ತಾರೆ. ನಿನ್ನ ಮಗಳು ಎಲ್ಲವನ್ನೂ ಬಿಡುತ್ತಾಳಂತೆ! ಉಳಿದ ನಾಲ್ಕು ವಿಷಯ, ಕೆಟ್ಟ ಬ್ರೆಡ್ಡು ತಿಂದು, ಮೂರಕ್ಕೇ ಕತ್ತಲಾಗುವ ಊರಿನಲ್ಲಿ ಓದಿದ ಅರ್ಧ ವರ್ಷ, ಎಲ್ಲ ನೀರಿಗೆ.

‘ಅಪ್ಪ ಆಗಿದ್ರೆ ತಗೊಳ್ತಾನೇ ಇರ್ಲಿಲ್ಲ’ ಎಂದಳು.

‘ನಿಮ್ಮಪ್ಪ ರೋಮನ್ ಕಾನೂನಲ್ಲಿ ಇಪ್ಪತ್ತಾರು ಬೇಡ ಅಂದ. ಎರಡನೇ ಸಲ ಎಷ್ಟು ಬಂತು ಕೇಳು.’

‘ಇಪ್ಪತ್ತೆರಡು. ಗೊತ್ತು. ಆದ್ರೂ ಬೇಡ ಅಂದ್ನಲ್ಲ!’

ನಮ್ಮ ಮದುವೆಯ ಊಟದಲ್ಲಿ ನೀನು ಈ ಕತೆಯನ್ನು ಗ್ಲಾಸು ಎತ್ತಿ ಹಿಡಿದು ಹೇಳಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ. ಆಮೇಲೆ ಮೊದೆನಾ ಊರಿನ ಕೆಲಸ ಬೇಡ ಎಂದೆ, ಕೋಟೆಗೋಡೆಯ ಪಕ್ಕದ ಮನೆ ಬೇಡ ಎಂದೆ. ಪ್ರತಿಸಲವೂ ಯಾರೋ ಬಾಗಿಲು ತೆರೆದು ನಿನ್ನನ್ನು ಮತ್ತೊಮ್ಮೆ ಒಳಗೆ ಕರೆಯುತ್ತಾರೆಂಬ ಮುಖ. ನಾನು ಶಾಲೆಯಲ್ಲಿ ದಿನವೂ ಮಕ್ಕಳಿಗೆ ಅಂಕ ಹಾಕುವವಳು. ಕೆಂಪು ಶಾಯಿಯಲ್ಲಿ ಹತ್ತಕ್ಕೆ ಆರು ಎಂದು ಬರೆಯುವಾಗ ಅದು ಸತ್ಯವೆಂದು ನನಗೂ ಅನ್ನಿಸುವುದಿಲ್ಲ. ಆದರೆ ಮಕ್ಕಳು ಆ ಆರನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಆಟಕ್ಕೆ ಓಡುತ್ತಾರೆ. ಹಾಗೆ ಓಡುವುದು ಸೋಲೋ ಜಾಣತನವೋ, ನನಗೆ ಇನ್ನೂ ತಿಳಿದಿಲ್ಲ. ನಾನಂತೂ ಕೊಟ್ಟಿದ್ದನ್ನೆಲ್ಲ ತೆಗೆದುಕೊಂಡೆ.

ಈಗ ನೀನು ಮಾಡಬೇಕಾದದ್ದು ಇಷ್ಟೇ. ಅವಳ ಹಾಸ್ಟೆಲಿಗೆ ಫೋನ್ ಮಾಡು. ಎಂಟು ತಗೋ ಎನ್ನು. ನಿನ್ನ ಮಾತನ್ನು ನೀನೇ ಹಿಂದಕ್ಕೆ ತೆಗೆದುಕೋ. ನನ್ನದನ್ನು ಅವಳು ಕೇಳುವುದಿಲ್ಲ. ಭಾಷಣ ಬೇಡ. ಗ್ಲಾಸು ಎತ್ತುವುದಂತೂ ಬೇಡವೇ ಬೇಡ. ಕೆಮ್ಮಿಗೆ ಯಾರಿಗಾದರೂ ತೋರಿಸು.

ಇಂತಿ,
ಓರ್ನೆಲ್ಲಾಳ ತಾಯಿ,
ನೀವೆಸ್

ತಾ.ಕ. ಲಕೋಟೆ ಅಂಟಿಸುವ ಮೊದಲು ಇದೂ ನಿನಗೆ ತಿಳಿದಿರಲಿ. ಆ ಮಾತನ್ನು ನೀನು ಆಗಲೇ ಆಡಿಯಾಗಿದೆ. ಭಾನುವಾರ ಅವಳು ಫೋನಿನಲ್ಲಿ ಅಳುತ್ತಿದ್ದಾಗ, ‘ನಿಮ್ಮಪ್ಪ ಫೋನ್ ಮಾಡಿದ್ದ, ಎಂಟು ತಗೋ ಅಂದ’ ಎಂದುಬಿಟ್ಟೆ. ನಂಬಲಿಲ್ಲ. ನಂಬಲೆಂದು ನಿನ್ನ ಬಾಯಿಗೆ ಇನ್ನೊಂದು ಮಾತು ಹಾಕಿದೆ: ‘ನಾನೂ ಬೇಡ ಅಂತ ಮನೆ ಬಿಟ್ಟು ಎದ್ದು ಬಂದೆ, ಮುಂದಿನ ಸಲ ಅನ್ನೋದು ಬರ್ಲೇ ಇಲ್ಲ.’ ಆಮೇಲೆ, ‘ಅಪ್ಪ ಹಾಗಂದ್ನಾ? ನಿನ್ನ ಹತ್ರ?’ ಎಂದಳು. ಹೌದು ಎಂದೆ. ಅಂಕಗಳನ್ನು ಒಪ್ಪಿ ಸಹಿ ಹಾಕುತ್ತಾಳಂತೆ, ಒಮ್ಮೆ ನಿನ್ನಿಂದಲೇ ಕೇಳಿದ ಮೇಲೆ. ಕೇಳಿದಾಗ ಹೌದು ಎನ್ನು. ಆ ಎರಡನೇ ಮಾತು ಸುಳ್ಳಾಗಿದ್ದರೆ ನನಗೆ ಬರೆದು ತಿಳಿಸು, ಅವಳಿಗಲ್ಲ.