ಹೆಡ್‌ಮಾಸ್ತರ ಕಾರಿನ ಸದ್ದು

ಮಗಳೇ,

ನಾವೆಲ್ಲ ಚೆನ್ನಾಗಿದ್ದೇವೆ. ಚೆನ್ನಾಗಿಲ್ಲದ್ದು ಹೆಡ್‌ಮಾಸ್ತರ ಹಳೇ ಕಾರು ಒಂದೇ. ನನಗಿಂತ ಎರಡು ವರ್ಷ ದೊಡ್ಡದು ಅಂತ ಮರ್ಯಾದೆ ಕೊಟ್ಟೇ ಮಾತಾಡಿಸುತ್ತಿದ್ದೇನೆ, ಆದರೂ ಜಗ್ಗುತ್ತಿಲ್ಲ. ನಿಂತಲ್ಲೇ ಗಡಗಡ ನಡುಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಉಸಿರು ಕಟ್ಟಿಕೊಂಡು, ಆಮೇಲೆ ಜಿಗಿಯುತ್ತದೆ.

ಪ್ಲಗ್ ಬದಲಾಯಿಸಿದೆ. ಕಾರ್ಬೊರೇಟರ್ ಮೂರು ಸಲ ಬಿಚ್ಚಿ ತೊಳೆದೆ. ಇನ್ನು ಎಲ್ಲೋ ಬಿರುಕಿನಿಂದ ಇಂಜಿನ್ ಗಾಳಿ ಎಳೆಯುತ್ತಿರಬೇಕು. ಹಾಗಿದ್ದರೆ ಸಣ್ಣಗೆ ಸುಯ್ ಅನ್ನಬೇಕಲ್ಲ? ಚಿಕ್ಕವಳಿದ್ದಾಗ ನೀನು ರಬ್ಬರ್ ಪೈಪಿನ ಒಂದು ತುದಿ ಇಂಜಿನ್ ಮೇಲೆ ಆಡಿಸುತ್ತಾ, ಇನ್ನೊಂದು ತುದಿ ಕಿವಿಗಿಟ್ಟುಕೊಂಡು, "ಅಪ್ಪಾ, ಇಲ್ಲಿದೆ ಹಾವು!" ಅಂತ ಕೂಗುತ್ತಿದ್ದೆ. ಅದೇ ಪೈಪ್ ಹಿಡಿದು ಎರಡು ದಿನದಿಂದ ಬಗ್ಗಿಕೊಂಡಿದ್ದೇನೆ. ನನಗೆ ಹಾವು ಸಿಕ್ಕಿಲ್ಲ.

ನಿನ್ನೆ ಮಾಸ್ತರು ಪಕ್ಕದಲ್ಲಿ ನಿಂತು ಏನೋ ಅಂದರು. ಎರಡನೇ ಸಲ ಜೋರಾಗಿ ಹೇಳಿದಾಗ ತಿಳಿಯಿತು. "ಸುಯ್ಯಂತಿದೆಯಲ್ಲ ಮೇಸ್ತ್ರಿ, ಕೇಳಿಸ್ತಿಲ್ವಾ?"

"ಕೇಳಿಸದೆ ಏನು ಸಾರ್, ಅದನ್ನೇ ಹುಡುಕ್ತಿದ್ದೀನಿ" ಅಂದುಬಿಟ್ಟೆ. ಎಲ್ಲಿಂದ ಅಂತ ಕೇಳಲು ಬಾಯಿ ಬರಲಿಲ್ಲ. ಮೂವತ್ತೈದು ವರ್ಷ ಈ ಕಿವಿಗಳೇ ನಮಗೆ ಅನ್ನ ಹಾಕಿವೆ.

ಭಾನುವಾರ ಬಂದು ಒಂದು ಗಂಟೆ ಇಂಜಿನ್ ಪಕ್ಕ ನಿಲ್ಲು. ಬೆರಳು ತೋರಿಸಿದರೆ ಸಾಕು, ಉಳಿದದ್ದು ನಾನು ಮಾಡುತ್ತೇನೆ. ಇದಾದ ಮೇಲೆ ಬರುವ ಕಾರಿಗೆ ಏನು ಮಾಡುವುದೋ, ನನಗೆ ತೋಚುತ್ತಿಲ್ಲ. ಅಮ್ಮನಿಗೆ ಸುಮ್ಮನೆ ಬಂದೆ ಅಂತ ಹೇಳು. ಫೋನ್ ತೆಗೆಯುವುದಿಲ್ಲ ಅಂತ ನನ್ನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ.

ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗುತ್ತಾ ಕಾಯಬೇಡ. ನೇರ ಒಳಗೆ ಬಂದು ನನ್ನ ಭುಜ ಮುಟ್ಟು.

ನಿನ್ನ ಅಪ್ಪ