ಯಜಮಾನರು ಇಲ್ಲ

ಕಣಕಟ್ಟೆ
೧೪ ಮಾರ್ಚಿ ೧೯೩೮

ಬೇಲೂರಿನ ರೇವಣಸಿದ್ದಪ್ಪನವರಿಗೆ ರುದ್ರಮ್ಮ ಮಾಡುವ ನಮಸ್ಕಾರ.

ಹೆಂಡತಿ ಗಂಡನ ಹೆಸರು ಹಿಡಿದು ಬರೆದಳೆಂದು ಹುಬ್ಬೇರಿಸಬೇಡಿ. ಹದಿನಾರು ವರ್ಷದಿಂದ ಕಂದಾಯದ ರಸೀತಿಯಲ್ಲಿ ಅದನ್ನೇ ಓದುತ್ತಿದ್ದೇನೆ, ನಾಚಿಕೆ ಬಿಟ್ಟುಹೋಗಿದೆ.

ನಿಮ್ಮ ಕಾಗದ ತಲುಪಿತು. ನಾಲ್ಕು ಪುಟದಲ್ಲಿ ಮೂರು ಪುಟ ನಿಮ್ಮ ಮೊಣಕಾಲು, ದಮ್ಮು, ಅಲ್ಲಾಡುವ ಹಲ್ಲು. ಮುದ್ದಮ್ಮ ಮೆಣಸಿನ ಸಾರು ಮಾಡಿಕೊಡುವುದಿಲ್ಲವೆಂಬ ದೂರು ಬೇರೆ. ನನ್ನನ್ನು ಬಿಟ್ಟು ಆಕೆಯ ಮನೆ ಸೇರಿದವರು ನೀವು, ನಾನೇನು ಕಳಿಸಿಕೊಟ್ಟಿರಲಿಲ್ಲ. ಕೊನೆಯ ಪುಟದಲ್ಲಿ ವಿಷಯಕ್ಕೆ ಬಂದಿದ್ದೀರಿ: ಇಲ್ಲಿಯ ತೆಂಗಿನ ತೋಟ ಮಾರಿ ಔಷಧಿ ಮಾಡಿಸಿಕೊಳ್ಳಬೇಕು, ಕೊಳ್ಳುವವರು ಕಂದಾಯದ ರಸೀತಿ ಕೇಳುತ್ತಿದ್ದಾರೆ, "ಆ ಹರಕು ಕಾಗದಗಳನ್ನು" ಗಂಟು ಕಟ್ಟಿ ಕಳಿಸು ಎಂದು.

ಅವುಗಳಲ್ಲಿ ಒಂದೂ ಹರಿದಿಲ್ಲ. ಬೇವಿನ ಸೊಪ್ಪು ಹಾಕಿ ತಗಡಿನ ಪೆಟ್ಟಿಗೆಯಲ್ಲಿಟ್ಟಿದ್ದೇನೆ, ಪ್ರತಿ ಬೇಸಗೆ ಬಿಸಿಲಿಗೆ ಹರಡುತ್ತೇನೆ. ನುಸಿ ತಿಂದದ್ದು ನಿಮ್ಮ ಮದುವೆಯ ರುಮಾಲೊಂದನ್ನೇ. ಅದಕ್ಕೆ ಬೇವಿನ ಸೊಪ್ಪು ದಂಡವೆಂದು ಹಾಕಿರಲಿಲ್ಲ.

ಮೊಣಕಾಲು ನನಗೂ ಇದೆ. ಕೂತರೆ ಏಳಲಾಗದು. ಎಡಗಣ್ಣಿಗೆ ಪೊರೆ ಬಂದಿದೆ, ಬಲಗಣ್ಣೂ ಅದರ ಹಿಂದೆಯೇ ಹೊರಟಿದೆ. ಅದೇ ಕಾಲಿನಲ್ಲಿ ಕಂದಾಯದ ಪ್ರತಿ ಕಂತಿಗೂ ಚಾವಡಿಯ ಏಳು ಮೆಟ್ಟಿಲು ಹತ್ತಿದ್ದೇನೆ. ಅದನ್ನು ಯಾರಿಗೂ ಮೂರು ಪುಟ ಬರೆದಿಲ್ಲ, ನಿಮ್ಮಷ್ಟು ಬಿಡುವಿರಲಿಲ್ಲ.

ಒಂಬತ್ತು ವರ್ಷದ ಹಿಂದಿನ ರಸೀತಿಯೊಂದರ ಸಂಗತಿ ನಿಮಗೆ ತಿಳಿದಿರಬೇಕು. ಆ ದಿನ ಶಾನುಭೋಗರು ಊರಲ್ಲಿರಲಿಲ್ಲ, ಅವರ ಪರವೂರಿನ ಅಳಿಯ ಕೂತು ಬರೆಯುತ್ತಿದ್ದ. ತಲೆ ಎತ್ತದೆ, "ಯಜಮಾನ್ರು ಇದಾರೇನಮ್ಮಾ?" ಎಂದ. "ಇಲ್ಲ" ಎಂದೆ. ಊರಲ್ಲಿಲ್ಲ ಎಂಬುದು ನನ್ನ ಮಾತಿನ ಅರ್ಥ. ಅವನು ನಿಮ್ಮ ಹೆಸರಿನ ಹಿಂದೆ "ದಿವಂಗತ" ಎಂದು ಸೇರಿಸಿ ಪುಸ್ತಕದಲ್ಲಿ ಬರೆದುಕೊಂಡು, ರಸೀತಿಯಲ್ಲೂ ಹಾಗೇ ಬರೆದುಕೊಟ್ಟ. ಮನೆಗೆ ಬಂದು ಅದನ್ನು ಮೂರು ಸಲ ಓದಿದೆ, ಸುಳ್ಳು ಹೇಳುವುದಿಲ್ಲ. ತಿದ್ದಿಸೋಣವೆಂದು ಮರುದಿನ ಮೆಟ್ಟಿಲವರೆಗೆ ಹೋದೆ. ನನ್ನಪ್ಪ ತೀರಿದಾಗಲೂ ಮುಖ ತೋರಿಸದ ಮನುಷ್ಯ ಬದುಕಿದ್ದಾನೆಂದು ಹೇಳಲು ನಾನೇಕೆ ಕಾಲು ನೋಯಿಸಿಕೊಳ್ಳಲಿ ಎನ್ನಿಸಿತು. ಹಾಗೇ ಹಿಂತಿರುಗಿದೆ.

ಆದ್ದರಿಂದ ರಸೀತಿ ಕಳಿಸುವುದಿಲ್ಲ. ತೋಟ ಮಾರಲೇಬೇಕೆಂದಿದ್ದರೆ ನೀವೇ ಬಂದು, ಬದುಕಿದ್ದೇನೆಂದು ಚಾವಡಿಯಲ್ಲಿ ತೋರಿಸಿ. ಏಳೇ ಮೆಟ್ಟಿಲು.

ಇತಿ,
ಚಾವಡಿಯ ಪುಸ್ತಕದ ಪ್ರಕಾರ ನಿಮ್ಮ ವಿಧವೆ,
ರುದ್ರಮ್ಮ

ಮೇಲೆ ಬರೆಯದೆ ಬಿಟ್ಟದ್ದು: ನಿಮ್ಮ ಕಾಗದ ಬಂದ ಮರುದಿನವೇ ಈ ವರ್ಷದ ಕಂದಾಯ ಕಟ್ಟಿದೆ. ಆ ಅಳಿಯನೇ ಈಗ ಶಾನುಭೋಗ. ಹಳೆಯ ಪುಸ್ತಕ ತಿರುವಿ, "ಯಜಮಾನ್ರು ಹೋಗಿ ಇಷ್ಟು ವರ್ಷವಾದರೂ ಪೌತಿ ಖಾತೆ ಮಾಡಿಸಿಲ್ಲವಲ್ಲಮ್ಮಾ, ತೋಟ ನಿಮ್ಮ ಹೆಸರಿಗೆ ಬರಬೇಕಲ್ಲವೇ, ಅರ್ಜಿ ನಾನೇ ಬರೆದುಕೊಡುತ್ತೇನೆ" ಎಂದ. ಆಮೇಲೆ ನನ್ನ ಹಣೆ ನೋಡಿ ತಡವರಿಸಿದ. "ಯಜಮಾನ್ರು ಇಲ್ಲ ತಾನೇ?" ಎಂದ. ಸೆರಗಿನಿಂದ ಕುಂಕುಮ ಒರೆಸಿಕೊಂಡು "ಇಲ್ಲ" ಎಂದೆ. ಈ ಸಲ ತಿಳಿದೇ ಹೇಳಿದೆ. ಮನೆಗೆ ಬಂದು ಮತ್ತೆ ಇಟ್ಟುಕೊಂಡೆ. ನಿಮಗಾಗಿ ಎಂದು ತಿಳಿಯಬೇಡಿ. ನನಗೆ ಅದು ಒಪ್ಪುತ್ತದೆ.